ಹನ್ನೊಂದೂ ಇಪ್ಪತ್ತಕ್ಕೆ ಗುಂಡಿ ಒಣಗಿತ್ತು

ಏಳನೆಯ ಕಂತು

ಬಾಗಿಲ ಚಿಲಕಕ್ಕೆ ಏನೋ ತಾಗಿದ ಸದ್ದಾದಾಗ ರಾತ್ರಿ ಒಂದೂವರೆ.

ಹೋಟಗಿ ಜಂಕ್ಷನ್ನಿನ ರಾತ್ರಿಯ ಸದ್ದುಗಳೆಲ್ಲ ನನಗೆ ಪರಿಚಿತ. ಗೂಡ್ಸ್ ಗಾಡಿಯ ಡಬ್ಬಿಗೆ ಡಬ್ಬಿ ತಾಗುವುದು, ಎಂಜಿನ್ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವುದು, ಸ್ಟೇಷನ್ನಿನ ಘೋಷಣೆ. ಅವ್ವ ಹೋದ ಮೇಲೆ ನಾಲ್ಕು ವರ್ಷ ಅವುಗಳ ಜೊತೆಗೇ ಮಲಗಿದ್ದೇನೆ. ಈ ಸದ್ದು ಬೇರೆ. ಕಬ್ಬಿಣಕ್ಕೆ ಪಿಂಗಾಣಿ ತಾಗಿದ ಹಾಗೆ, ಸಣ್ಣಗೆ, ಒಂದೇ ಸಲ.

ದೀಪ ಹಾಕದೆ ಕಿಟಕಿಯ ಸಂದಿಯಿಂದ ನೋಡಿದೆ. ಕಟ್ಟೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ತಲೆ ತುಂಬ ಸೆರಗು. ಚಿಲಕಕ್ಕೆ ಒಂದು ಬಟ್ಟೆಯ ಚೀಲ ಸಿಕ್ಕಿಸಿ, ಮೆಟ್ಟಿಲು ಇಳಿಯುವುದರಲ್ಲಿದ್ದಳು.

"ಯಾರದು?"

"ನಾನ್ರೀ ಬಾಯಾರ. ರೇವಮ್ಮ. ಶಿವಶರಣನ ಮನಿಯಾಕಿ."

ವಿದ್ಯುತ್ ನಿರೀಕ್ಷಕ ಗುರುರಾಜ ಸಾಹೇಬರು ಅಕ್ಕಲಕೋಟೆಯ ಹೊಸ ಲಾಡ್ಜಿನ ಮೀಟರ್ ಕೋಣೆಯಲ್ಲಿ ಶಾಕ್ ಹೊಡೆದು ಸತ್ತು ಹನ್ನೆರಡು ದಿನ. ಅಲ್ಲಿ ಕೆಲಸಕ್ಕಿದ್ದ ವಾಯರ್‌ಮನ್ ಶಿವಶರಣ ಮರುದಿನದಿಂದ ಪೊಲೀಸರ ವಶದಲ್ಲಿದ್ದಾನೆ. ನಾನು ಸಾಹೇಬರ ಆಫೀಸಿನಲ್ಲಿ ಬರುವ ಹೋಗುವ ಪತ್ರಗಳನ್ನು ದಾಖಲು ಮಾಡುವ ಕ್ಲಾರ್ಕು, ನೀಲಗಂಗಾ. ಯಾರೂ ಹೇಳದಿದ್ದರೂ ಈ ಸಾವಿನ ಕಾಗದಗಳನ್ನು ಒಂದೊಂದಾಗಿ ಓದುತ್ತ ಬಂದವಳು.

ಬಾಗಿಲು ತೆರೆದೆ. ರೇವಮ್ಮ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ಕೂತಳು.

"ಹಗಲಾಗ ಬಂದ್ರ ನೋಡವ್ರ ಕಣ್ಣ ಭಾಳ. ಕಡೀ ಗಾಡಿಗೆ ಬಂದು ಸ್ಟೇಷನ್ನಾಗ ಕುಂತಿದ್ದೆ. ನೀವು ಮಲಗಿರ್ತೀರಿ ಅಂತ ಇಟ್ಟು ಹೋಗಾಂವ ಇದ್ದೆ, ಅಲ್ಲ, ಹೋಗಾಕಿ ಇದ್ದೆ. ನೋಡ್ರಿ, ಮಾತ ಸೈತ ನೆಟ್ಟಗ ಬರವಲ್ದು."

"ಏನಿದು?"

"ನಿನ್ನಿ ಅವರ್ನ ನೋಡಾಕ ಬಿಟ್ಟಿದ್ರು. ಜ್ವಾಳದ ಹಿಟ್ಟಿನ ಡಬ್ಬಿಯಾಗ ಇಟ್ಟೀನಿ, ಆಫೀಸಿನ ಬಾಯಾರ ಕೈಯಾಗ ಕೊಡು, ಬ್ಯಾರೆ ಯಾರಿಗೂ ತೋರಿಸಬ್ಯಾಡ ಅಂದ್ರು. ಅಷ್ಟ. ಇನ್ನೊಂದು ಮಾತ ಕೇಳಿದ್ರ ಗ್ವಾಡಿ ಕಡಿ ಮಾರಿ ಮಾಡಿದ್ರು."

ಚೀಲದಲ್ಲಿ ಒಂದು ಫ್ಯೂಸ್ ಇತ್ತು. ಬಿಳಿ ಪಿಂಗಾಣಿಯದು, ಮುಷ್ಟಿಯಷ್ಟು ದಪ್ಪ. ಬೋರ್ಡಿನಿಂದ ಕೈಯಲ್ಲಿ ಕಿತ್ತು ತೆಗೆಯುವಂಥದ್ದು. ಅದರ ಬೆನ್ನಿನ ಮೇಲೆ ಕೆಂಪು ಮೇಣದ ಪೆನ್ಸಿಲ್ಲಿನಿಂದ ಬರೆದಿತ್ತು: ಸಾಹೇಬರು ಸತ್ತ ಗುರುವಾರದ ತಾರೀಖು, ಅದರ ಕೆಳಗೆ ಅವರ ಹೆಸರಿನ "ಗು", ಪಕ್ಕದಲ್ಲಿ "೩".

ಕನ್ನಡ ಅಂಕಿಗಳು. ಸೊಲ್ಲಾಪುರದ ಇಡೀ ಆಫೀಸು ಮರಾಠಿಯಲ್ಲಿ ಬರೆಯುತ್ತಿದ್ದಾಗ ಸಾಹೇಬರು ತಮ್ಮ ಸ್ವಂತದ ಗುರುತುಗಳನ್ನು ಮಾತ್ರ ಕನ್ನಡದಲ್ಲಿ ಹಾಕುತ್ತಿದ್ದರು. ನನ್ನನ್ನು ಬಿಟ್ಟರೆ ಅವನ್ನು ಓದುವವರು ಅಲ್ಲಿ ಯಾರೂ ಇರಲಿಲ್ಲ.

ಮೂರು ಫೇಸ್, ಮೂರು ಫ್ಯೂಸ್. ಬೋರ್ಡಿಗೆ ಕೈ ಹಾಕುವ ಮೊದಲು ಮೂರನ್ನೂ ಕಿತ್ತು, ಒಂದು ಎರಡು ಮೂರು ಎಂದು ಬರೆದು, ಕಿಸೆಯಲ್ಲಿ ಇಟ್ಟುಕೊಳ್ಳುವುದು ಅವರ ಪದ್ಧತಿ. ಕಿಸೆಯಲ್ಲಿ ಫ್ಯೂಸ್ ಇರುವವರೆಗೆ ಯಾರೂ ಲೈನ್ ಚಾಲೂ ಮಾಡಲಾರರು. ಆದರೆ ಪೊಲೀಸರ ಪಂಚನಾಮೆಯಲ್ಲಿ ಬರೆದದ್ದು ಬೇರೆ: ಮೂರೂ ಫ್ಯೂಸ್ ಬೋರ್ಡಿನಲ್ಲೇ ಇದ್ದವು, ಸಾಹೇಬರ ಕಿಸೆ ಖಾಲಿ. ಅವರು ಫ್ಯೂಸ್ ಪಕ್ಕಕ್ಕಿಟ್ಟು ಬೋರ್ಡು ಬಿಚ್ಚಿದ್ದಾಗ ಶಿವಶರಣನೇ ನೋಡದೆ ಫ್ಯೂಸ್ ಹಾಕಿದ ಎಂಬುದು ಅವನ ಮೇಲಿನ ಆರೋಪ.

"ಬಾಯಾರ, ನಾಡದ ಬುಧವಾರ ಕೋರ್ಟಿಗೆ ಒಯ್ತಾರಂತ," ಎಂದಳು ರೇವಮ್ಮ.

"ನಾಡದಲ್ಲ. ನಾಳೆ. ಈಗ ಮಂಗಳವಾರ ಹುಟ್ಟಿ ಒಂದೂವರೆ ತಾಸಾಯ್ತು."

ಅವಳು ಬೆರಳು ಮಡಚಿ ನೋಡಿಕೊಂಡಳು. ಒಂದು ದಿನ ಕಡಿಮೆಯಾದದ್ದು ಅವಳ ಮುಖದಲ್ಲಿ ಕಂಡಿತು.

"ಈ ಅಕ್ಷರ ಸಾಹೇಬ್ರದ ಅಂತ ನೀವು ಒಂದ ಮಾತ ಹೇಳಿದ್ರ ಸಾಕಲ್ರಿ. ನೀವು ಕಲ್ತವ್ರು. ನಿಮ್ಮ ಮಾತ ಕೇಳ್ತಾರ."

"ಹೇಳ್ತೀನಿ," ಎಂದೆ.

ಬೆಳಗಿನ ಗಾಡಿಯವರೆಗೆ ಒಳಗೆ ಮಲಗು ಎಂದರೆ ಕೇಳಲಿಲ್ಲ. ಸ್ಟೇಷನ್ನಿನ ಕಡೆ ನಡೆದು ಹೋದಳು. ನಾನು ಮತ್ತೆ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ, ಬೆಳಗಾಗುವವರೆಗೆ ಕೂತೆ.

*

ಸೊಲ್ಲಾಪುರದ ಸಾಖರ ಪೇಠೆಯಲ್ಲಿ, ಒಂದು ವಾಯರಿನ ಅಂಗಡಿಯ ಮೇಲಿನ ಕೋಣೆಯಲ್ಲಿ, ಮಂಗಳವಾರ ಹತ್ತಕ್ಕೆ ಕಂತ್ರಾಟದಾರರು ಶೋಕಸಭೆ ಇಟ್ಟಿದ್ದರು. ಸಾಹೇಬರ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದ್ದರಿಂದ ಮುಖ ಮಸುಕಾಗಿತ್ತು. ಇಪ್ಪತ್ತು ಕುರ್ಚಿ ಹಾಕಿದ್ದರು. ಬಂದವರು ಒಂಬತ್ತು ಮಂದಿ.

ಮೊದಲು ಎದ್ದವರು ಗುರುಸಿದ್ಧ ಕಾಕಾ. ಮೂವತ್ತೈದು ವರ್ಷದಿಂದ ಗಿರಣಿ, ಗೋದಾಮುಗಳಿಗೆ ವಾಯರಿಂಗ್ ಮಾಡಿಸುವವರು.

"ಸತ್ತವ್ರ ಬಗ್ಗೆ ಸುಳ್ಳ ಹೇಳಾಕ ನನಗ ಬರೂದಿಲ್ಲ. ಈ ಮನಷಾ ನನ್ನ ಒಂದ ಫೈಲು ಏಳು ಸರ್ತಿ ವಾಪಸ್ ಕಳಿಸ್ಯಾನ. ಏಳನೇ ಸರ್ತಿ ಯಾಕ ಗೊತ್ತೇನು? ಡೇಂಜರ್ ಬೋರ್ಡಿನ ಮ್ಯಾಲ ಬುರುಡಿ ಇತ್ತು, ಎಲುಬಿರ್ಲಿಲ್ಲ ಅಂತ."

"ಕಾಕಾ, ಎಲುಬು ಆಮ್ಯಾಲ ನಿಮ್ಮ ಕಡಿಂದ ವಸೂಲ್ ಮಾಡಿದ್ರಲ್ಲ, ಬಿಡ್ರಿ," ಎಂದ ಹಿಂದಿನ ಸಾಲಿನ ಯೋಗಿರಾಜ. ಅಕ್ಕಲಕೋಟೆಯಲ್ಲಿ ಮನೆಗಳ ಕೆಲಸ ಹಿಡಿಯುವವನು, ಸುಮ್ಮನೆ ಕೂರಲಾರದವನು.

ನಾಲ್ಕು ಜನ ನಕ್ಕು, ಫೋಟೋದ ಕಡೆ ನೋಡಿ ಸುಮ್ಮನಾದರು.

"ನೀ ಎದ್ದ ಮಾತಾಡು ಹಂಗಾರ," ಎಂದರು ಕಾಕಾ.

"ಮಾತಾಡ್ತೀನಿ. ಹಿಂದಿನ ಸಾಹೇಬ್ರು ಚಹಾಕ್ಕ ಕೂಡ್ತಿದ್ರು. ಮಕ್ಕಳು ಏನ ಓದ್ತಾವ ಅಂತ ಕೇಳ್ತಿದ್ರು. ಇವ್ರು ಆರು ವರ್ಷದಾಗ ನನ್ನ ಕೈಲೆ ನೀರು ಸೈತ ಕುಡೀಲಿಲ್ಲ. ಸ್ವಂತ ಬಾಟಲಿ. ಕೆಟ್ಟವ್ರು ಅಂತ ನಾ ಅನ್ನೂದಿಲ್ಲ. ಆದ್ರ ಸಿಟ್ಟಿಗೆ ಬಂದಾರೋ ಖುಷಿ ಅದಾರೋ ಒಂದೂ ತಿಳೀತಿದ್ದಿಲ್ಲ. ಅಂಥಾ ಮನಷಾನ ಎದುರಿಗೆ ನಿಂದ್ರೂದ ಒಂದು ತ್ರಾಸ."

"ನಿನಗ ತ್ರಾಸ," ಎಂದಳು ಮನೀಷಾ.

ಗಂಡ ತೀರಿಕೊಂಡ ಮೇಲೆ ಅವನ ಧಂದೆ ಅವಳ ತಲೆಯ ಮೇಲೆ ಬಂದಿತ್ತು. ಸಭೆಯಲ್ಲಿ ನಾನಲ್ಲದೆ ಇದ್ದ ಒಬ್ಬಳೇ ಹೆಂಗಸು.

"ನನ್ನ ಮೊದಲನೇ ಕೆಲಸಾನ ಫೇಲ್ ಮಾಡಿದ್ರು. ಅಲ್ಲೇ ಗ್ವಾಡಿ ಹಿಡದು ಅತ್ತೆ. ಸಮಾಧಾನ ಹೇಳ್ಲಿಲ್ಲ ಅವ್ರು. ಬಿಸಲಾಗ ಮಣ್ಣಾಗ ಕೂತು, ಅರ್ಥಿಂಗ್ ಗುಂಡಿ ಎಲ್ಲಿ ತೋಡಬೇಕಂತ ಬಡಿಗಿಲೆ ಗೆರಿ ಕೊರದು ಹೋದ್ರು. ಇಲ್ಲಿ ಕುಂತವ್ರು ಒಬ್ಬರಾದ್ರೂ ನನಗ ಅದನ್ನ ಹೇಳಿಕೊಟ್ಟಿದ್ರೇನು?"

ಗುರುಸಿದ್ಧ ಕಾಕಾ ಗಂಟಲು ಸರಿಮಾಡಿಕೊಂಡರು.

ಕೊನೆಗೆ ಮಯೂರ ಎದ್ದ. ಅಕ್ಕಲಕೋಟೆಯ ಆ ಲಾಡ್ಜು ಅವನದೇ ಕಂತ್ರಾಟು. ಶಿವಶರಣ ಅವನ ಆಳು. ಮೂವತ್ತರ ಆಸುಪಾಸು, ಇಸ್ತ್ರಿ ಮುರಿಯದ ಅಂಗಿ, ಮೆತ್ತಗಿನ ಮಾತು. "ನನಗ ಗುರು ಇದ್ದಂಗ ಇದ್ರು. ನನ್ನ ಕೆಲಸದಾಗ ಹಿಂಗ ಆತಲ್ಲ ಅಂತ ನಿದ್ದಿ ಬರವಲ್ದು," ಎಂದಷ್ಟೇ ಹೇಳಿ, ಫೋಟೋಕ್ಕೆ ಹಾರ ಹಾಕಿದ. ಎಲ್ಲರಿಗಿಂತ ಕಡಿಮೆ ಮಾತಾಡಿದ್ದಕ್ಕೋ ಏನೋ, ಎಲ್ಲರ ಕಣ್ಣೂ ಒದ್ದೆಯಾದವು.

ಚಹಾದ ಹೊತ್ತಿಗೆ ಗುರುಸಿದ್ಧ ಕಾಕಾರ ಪಕ್ಕ ನಿಂತೆ.

"ಕಾಕಾ, ಸಾಹೇಬರು ಫ್ಯೂಸ್ ತಗದು ಕಿಸೆದಾಗ ಇಟ್ಕೊಳ್ಳಲಾರದ ಬೋರ್ಡಿಗೆ ಕೈ ಹಾಕಿರಬಹುದೇನ್ರಿ? ಒಂದು ದಿನ, ಗಡಿಬಿಡಿಯಾಗ?"

"ಆ ಮನಷಾ?" ಕಾಕಾ ಚಹಾದ ಬಶಿ ಕೆಳಗಿಟ್ಟರು. "ನೋಡವಾ, ಅವರ ಬೆನ್ನ ಹಿಂದ ನಾ ಬೈದಷ್ಟು ಈ ಊರಾಗ ಯಾರೂ ಬೈದಿಲ್ಲ. ಆದ್ರ ಮೂರು ಫ್ಯೂಸ್ ಹೊತ್ತು ಅವರ ಕಿಸೆ ಜೋತು ಬಿದ್ದದ್ದು ನೋಡಿ ನೋಡಿ ನನಗ ಬ್ಯಾಸರ ಆಗಿತ್ತು. ಲಿಂಬಿಹಣ್ಣು ಮಾರಾಂವನಂಗ ಕಾಣಸ್ತಿದ್ರು. ಫ್ಯೂಸ್ ಕಿಸೆದಾಗ ಇಟ್ಕೊಳ್ಳಲಾರದ ಕೈ ಹಾಕಿದ್ರು ಅಂತ ಯಾರರ ಅಂದ್ರ, ಅದು ಸುಳ್ಳು. ಕೋರ್ಟಿನಾಗೂ ಹೇಳ್ತೀನಿ."

ಅವರನ್ನು ಎಲ್ಲರಿಗಿಂತ ಹೆಚ್ಚು ದ್ವೇಷಿಸಿದವರ ಮಾತು. ಅದಕ್ಕೇ ಅದು ನನಗೆ ಉಳಿದವರ ಕಣ್ಣೀರಿಗಿಂತ ಗಟ್ಟಿ ಅನ್ನಿಸಿತು.

ಮಯೂರ ನಮಗೆ ಬೆನ್ನು ಮಾಡಿ ಫೋಟೋದ ಹಾರವನ್ನು ಸರಿಪಡಿಸುತ್ತಿದ್ದ. ಹಾರ ಸರಿಯಾಗಿಯೇ ಇತ್ತು.

*

ಮನೀಷಾಗೆ ಅಕ್ಕಲಕೋಟೆಯಲ್ಲಿ ಒಂದು ಕೆಲಸ ನಡೆದಿತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ಅವಳ ಓಮ್ನಿಯಲ್ಲಿ ಕೂತೆ. ಹಿಂದೆ ವಾಯರಿನ ಸುರುಳಿಗಳು, ಮುಂದೆ ಬಿಸಿಲಿಗೆ ಬಿರಿದ ಕರಿ ಹೊಲಗಳು. ಕುಂಭಾರಿ ದಾಟಿದ ಮೇಲೆ ಎರಡು ಕಾಗದ ತೆಗೆದೆ. ಫ್ಯೂಸಿನ ವಿಷಯ ಮಾತ್ರ ಹೇಳಲಿಲ್ಲ. ಅದು ಶಿವಶರಣನ ಗುಟ್ಟು, ಮೊದಲು ಪೊಲೀಸ್ ಫೌಜದಾರರಿಗೇ ಹೇಳಬೇಕು ಎಂದುಕೊಂಡಿದ್ದೆ.

"ಇದು ಸಾಹೇಬರ ಡೈರಿಯ ಹಾಳಿ. ಕಡೀ ದಿನದ್ದು. ಅವರ ಬ್ಯಾಗಿನ ಜೋಡಿ ಆಫೀಸಿಗೆ ಬಂತು. ಓದ್ತೀನಿ, ಕೇಳ್ರಿ. 'ಹನ್ನೊಂದೂ ಇಪ್ಪತ್ತು. ಅರ್ಥಿಂಗ್ ಗುಂಡಿ ಒಣ. ಬೋರ್ಡ್ ನೋಡಿದ ಮೇಲೆ ಅಳತೆ.' ಅಷ್ಟ. ಮುಂದ ಖಾಲಿ."

"ಮತ್ತ ಇನ್ನೊಂದು?"

"ಪೊಲೀಸರ ಪಂಚನಾಮೆ. ಒಂದು ಗಂಟೆಗೆ ಬರದದ್ದು. ಹಿತ್ತಲದ ಗುಂಡಿ ತುಂಬ ನೀರು ನಿಂತಿತ್ತು ಅಂತ ಅದರಾಗ ಅದ."

ಮನೀಷಾ ವೇಗ ಕಡಿಮೆ ಮಾಡಿದಳು.

ಗುಂಡಿಯ ವಿಷಯ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹರಿಯಬಾರದ ಕಡೆ ಹರಿದ ಕರೆಂಟು ನೆಲಕ್ಕೆ ಇಳಿದು ಹೋಗಲೆಂದು ಪ್ರತಿ ಕಟ್ಟಡಕ್ಕೂ ಒಂದು ಗುಂಡಿ ತೋಡಿ ತಂತಿ ಹೂಳುತ್ತಾರೆ. ಮಣ್ಣು ಹಸಿಯಾಗಿದ್ದರೆ ಅದು ಕೆಲಸ ಮಾಡುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಆಳವಾಗಿ ತೋಡುವ ಖರ್ಚು ಉಳಿಸುವವರು, ನಿರೀಕ್ಷಕರು ಬರುವ ಮೊದಲು ಗುಂಡಿಗೆ ಉಪ್ಪು ಸುರಿದು ನೀರು ಬಿಡುತ್ತಾರೆ. ಆ ಒಂದು ದಿನ ಅಳತೆ ಚೆನ್ನಾಗಿ ಬರುತ್ತದೆ. ವಾರದಲ್ಲಿ ಮತ್ತೆ ಕಲ್ಲು. ಅದಕ್ಕೇ ಸಾಹೇಬರು ಹೇಳದೆ ಕೇಳದೆ ಹೋಗುತ್ತಿದ್ದರು.

"ಹನ್ನೊಂದೂ ಇಪ್ಪತ್ತಕ್ಕ ಒಣ," ಎಂದಳು ಮನೀಷಾ. "ಆಮ್ಯಾಲ ಬೋರ್ಡಿಗೆ ಬಂದಾರ. ಫ್ಯೂಸ್ ತಗದಾರ ಅಂತ ಇಟ್ಕೊಳ್ರಿ, ಕಾಕಾ ಹೇಳಿದಂಗ. ಹಂಗಾರ ಇಡೀ ಲಾಡ್ಜಿನಾಗ ಕರೆಂಟ್ ಇಲ್ಲ. ಬೋರಿನ ಪಂಪು ನಡಿಯೂದಿಲ್ಲ."

"ಆದ್ರ ನೀರು ಬಂದದ."

ಅವಳು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿಯೇ ಬಿಟ್ಟಳು. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಮುಂದೆ ನೋಡುತ್ತ ಹೇಳಿದಳು: "ಜನರೇಟರ್."

*

ಚಂದ್ರಭಾಗಾ ಯಾತ್ರಿ ನಿವಾಸ ಮೂರು ಮಹಡಿಯದು. ಇನ್ನೂ ತೆರೆದಿರಲಿಲ್ಲ. ಮೀಟರ್ ಕೋಣೆಗೆ ಪೊಲೀಸರ ಮೊಹರು. ಹಿತ್ತಲು ತೆರೆದೇ ಇತ್ತು. ಗುರುಲಿಂಗಮ್ಮ ಎಂಬ ಮುದುಕಿ ಕಸ ಹೊಡೆಯುತ್ತಿದ್ದಳು.

ಗುಂಡಿ ಈಗ ಮತ್ತೆ ಒಣಗಿತ್ತು. ಇಟ್ಟಿಗೆಯ ಒಳಬದಿಯಲ್ಲಿ, ನೀರು ನಿಂತಿದ್ದ ಎತ್ತರದವರೆಗೂ, ಉಪ್ಪಿನ ಬಿಳಿ ಪೊರೆ. ಬೆರಳು ತಾಗಿಸಿದೆ. ಪುಡಿಯಾಗಿ ಉದುರಿತು.

ಮನೀಷಾ ತಗಡಿನ ಶೆಡ್ಡಿನಲ್ಲಿದ್ದ ಜನರೇಟರಿನ ಹತ್ತಿರ ಮೊಳಕಾಲೂರಿ ಕೂತಳು. ಅಲ್ಲಿಂದ ಹೊರಟ ದಪ್ಪ ಕೇಬಲ್ಲನ್ನು ಕಣ್ಣಿನಿಂದ ಹಿಂಬಾಲಿಸಿ, ಅದು ಗೋಡೆ ತೂರಿ ಮೀಟರ್ ಕೋಣೆಯೊಳಗೆ ಹೋಗುವಲ್ಲಿ ಬೆರಳಿಟ್ಟಳು.

"ಇಲ್ಲಿ ಒಂದು ಸ್ವಿಚ್ ಇರಬೇಕ್ರಿ. ಆ ಕಡಿ ತಿರುವಿದ್ರ ಹೊರಗಿನ ಲೈನು, ಈ ಕಡಿ ತಿರುವಿದ್ರ ಜನರೇಟರ್. ಎರಡೂ ಕೂಡಬಾರದು. ಇವರು ಹಾಕಿಲ್ಲ. ನೆಟ್ಟಗ ಬೋರ್ಡಿಗೆ ಜೋಡಿಸ್ಯಾರ." ಅವಳ ದನಿ ಇಳಿಯಿತು. "ಸಾಹೇಬ್ರು ಹೊರಗಿನ ಕರೆಂಟ್ ಬಂದ್ ಮಾಡಿ ಕೈ ಹಾಕ್ಯಾರ. ಹಿಂದಿಂದ ಇದು ಬಂದು ಹೊಡದದ."

ಅಂದರೆ ಕೊಲ್ಲಬೇಕೆಂದು ಯಾರೂ ಹೊರಟಿರಲಿಲ್ಲ. ಸಾಹೇಬರು ಅಳತೆಗೆ ಬರುವಷ್ಟರಲ್ಲಿ ಗುಂಡಿ ಹಸಿ ಮಾಡಬೇಕೆಂದು ಒಬ್ಬ ಪಂಪು ಹಾಕಲು ಹೋಗಿದ್ದಾನೆ. ಕರೆಂಟಿಲ್ಲ. ಜನರೇಟರ್ ಚಾಲೂ ಮಾಡಿದ್ದಾನೆ. ಗುಂಡಿಗೆ ನೀರು ಬಿದ್ದಿದೆ. ಗೋಡೆಯ ಆಚೆ ಸಾಹೇಬರು ಬಿದ್ದಿದ್ದಾರೆ. ಆಮೇಲೆ ಜನರೇಟರಿನ ಸುಳಿವು ಸಿಗದಿರಲೆಂದು ಅವರ ಕಿಸೆಗೆ ಕೈ ಹಾಕಿ, ಫ್ಯೂಸ್ ಹೊರಗೆ ತೆಗೆದು, ಗುರುತು ಒರೆಸಿ, ಬೋರ್ಡಿಗೆ ತುಂಬಿದ್ದಾರೆ. ಮೂರನೆಯದರ ಗುರುತು ಒರೆಸಲು ಮನಸ್ಸಾಗದೆ ಶಿವಶರಣ ಅದನ್ನು ಬಚ್ಚಿಟ್ಟುಕೊಂಡು ಬೇರೊಂದನ್ನು ಹಾಕಿದ್ದಾನೆ.

ಜನರೇಟರಿಗೆ ಕೀಲಿ ಬೇಕು. ಕೀಲಿ ಹಾಕುವ ತೂತಿನ ಮುಚ್ಚಳಕ್ಕೆ ಬೀಗ ಇತ್ತು.

"ಅಜ್ಜೀ, ಇದರ ಕೀಲಿ ಯಾರ ಕಡಿ ಇರ್ತದ?" ಎಂದು ಮನೀಷಾ ಕೂಗಿ ಕೇಳಿದಳು.

"ಮಯೂರ ಶೇಟ್‌ರ ಕಡಿ. ಮತ್ತ ಯಾರಿಗೂ ಮುಟ್ಟಾಕ ಬಿಡೂದಿಲ್ಲ ಅವರು."

ಮುದುಕಿ ಕಸಬರಿಗೆ ಊರಿಕೊಂಡು ಹತ್ತಿರ ಬಂದಳು. ಮಾತಿಗೆ ಜನ ಸಿಕ್ಕಿದ್ದು ಅವಳಿಗೂ ಬೇಕಾಗಿತ್ತು.

"ಗುಂಡಿಗೆ ಹಾಕಾಕ ಉಪ್ಪು ಅವರ ತಂದು ಇಳಿಸಿದ್ರು. ಎರಡು ಚೀಲ. ಬುಧವಾರ ಸಂಜಿಗೆ."

"ಬುಧವಾರ? ಸಾಹೇಬ್ರು ಬಂದದ್ದು ಗುರುವಾರ ಅಲ್ಲೇನು?" ಎಂದಳು ಮನೀಷಾ.

"ಹೂಂ ಮತ್ತ. ನಾಳಿ ಮಧ್ಯಾನ ಊಟ ಆದಮ್ಯಾಲ ಸಾಹೇಬ್ರು ಬರ್ತಾರ, ಮುಂಜಾನಿ ನೀರ ಬಿಟ್ರಾತು ಅಂದ್ರು. ಅವ್ರು ನೋಡಿದ್ರ ಮುಂಜಾನಿನ ಬಂದ ನಿಂತ್ರು."

ಮನೀಷಾ ನನ್ನ ಕಡೆ ತಿರುಗಿದಳು. "ಅಂದ್ರ ಮೊದಲ ಯಾರೋ ಸುದ್ದಿ ಕೊಟ್ಟಾರ. ನಿಮ್ಮ ಆಫೀಸಿನವ್ರ ಇರಬೇಕು. ಯಾರ್ರಿ ಅವ್ರು?"

ಉಪ್ಪಿನ ಪುಡಿ ಇನ್ನೂ ನನ್ನ ಬೆರಳಿಗಿತ್ತು. ಸೆರಗಿಗೆ ಒರೆಸಿಕೊಂಡೆ.

"ವಿಚಾರ ಮಾಡಬೇಕು," ಎಂದೆ.

ಅವಳು ತನ್ನ ಕೆಲಸದ ಜಾಗಕ್ಕೆ ಹೋಗಿ ಅರ್ಧ ತಾಸಿನಲ್ಲಿ ಬರುತ್ತೇನೆ ಎಂದು ಹೊರಟಳು. ನಾನು ಶೆಡ್ಡಿನ ನೆರಳಿನಲ್ಲಿ ಒಂದು ಇಟ್ಟಿಗೆಯ ಮೇಲೆ ಕೂತೆ.

ಸಾಹೇಬರು ತಮ್ಮ ಅನಿರೀಕ್ಷಿತ ಭೇಟಿಗಳನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ನನ್ನ ಕೈಗೆ ಕೊಡುತ್ತಿದ್ದರು. ಹೋಗಿ ಬಂದ ಮೇಲೆ ದಾಖಲು ಮಾಡುವುದಕ್ಕೆ. ಸಾಯುವ ಎರಡು ದಿನ ಮೊದಲು, ಮಂಗಳವಾರ, ಕೊಟ್ಟ ಚೀಟಿಯಲ್ಲಿ ಇದ್ದದ್ದು: ಗುರುವಾರ, ಅಕ್ಕಲಕೋಟೆ, ಊಟದ ನಂತರ. ಅದನ್ನು ಓದಿದವಳು ನಾನೊಬ್ಬಳೇ. ಗುರುವಾರ ಅವರು ಮನಸ್ಸು ಬದಲಿಸಿ ಬೆಳಗಿನ ಬಸ್ಸಿಗೇ ಹೊರಟರು. ಯಾಕೆ ಎಂದು ಇನ್ನು ಯಾರೂ ಹೇಳಲಾರರು.

*

ಗುರುಲಿಂಗಮ್ಮ ಫೋನ್ ಮಾಡಿ ತಿಳಿಸಿರಬೇಕು. ಹತ್ತು ನಿಮಿಷದಲ್ಲಿ ಮಯೂರ ಬಂದ. ಸೊಲ್ಲಾಪುರದಿಂದ ನಮ್ಮ ಹಿಂದೆಯೇ ಹೊರಟಿದ್ದನೋ ಏನೋ. ಬೈಕು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು, ನನ್ನ ಎದುರಿನ ಇಟ್ಟಿಗೆಯ ಮೇಲೆ ಕೂತ.

"ಊಟ ಆತೇನಕ್ಕಾ?"

ಎರಡು ವರ್ಷದಿಂದ, ದಿನಾ ರಾತ್ರಿ ಎಂಟರ ಹೊತ್ತಿಗೆ ನನ್ನ ಫೋನಿನಲ್ಲಿ ಕೇಳಿದ ಮಾತು ಇದೇ. ಮೊದಲು ಒಂದು ಫೈಲಿನ ವಿಚಾರಕ್ಕೆ ಮಾಡಿದ್ದ. ಆಮೇಲೆ ವಿಚಾರವಿಲ್ಲದೆ. ಅಕ್ಕಾ, ಊಟ ಆತೇನು, ಏನ ಮಾಡಿದ್ರಿ, ಒಬ್ಬರಿಗೇ ಅಡಗಿ ಮಾಡಾಕ ಬ್ಯಾಸರಾಗ್ತದಲ್ಲ. ನಾನು ಅವನ ಫೋನಿಗೆ ಮೊದಲೇ ಊಟ ಮುಗಿಸಿ ಕಾಯುತ್ತಿದ್ದೆ. ಹೂಂ ಆತು ಎಂದು ಸುಳ್ಳು ಹೇಳಬೇಕಾಗಬಾರದಲ್ಲ, ಅದಕ್ಕೆ.

"ಜನರೇಟರ್ ನೀ ಚಾಲೂ ಮಾಡಿದ್ದೇನು?" ಎಂದೆ.

ಅವನು ಶೆಡ್ಡಿನ ಕಡೆ ನೋಡಲಿಲ್ಲ. "ನಾ ನೀರು ಬಿಟ್ಟೇನಿ ಅಕ್ಕಾ. ಅಷ್ಟ. ಊರಾಗ ಎಲ್ಲಾರೂ ಬಿಡ್ತಾರ. ಗುರುಸಿದ್ಧ ಕಾಕಾ ಬಿಡ್ತಾರ, ಯೋಗಿರಾಜ ಬಿಡ್ತಾನ. ಗ್ವಾಡಿ ಆಚಿ ಸಾಹೇಬ್ರು ಬೋರ್ಡಿನಾಗ ಕೈ ಇಟ್ಟಾರಂತ ನನಗೇನ ಕನಸ ಬಿದ್ದಿತ್ತೇನು?"

"ಫ್ಯೂಸ್ ಕಿಸೆದಾಗಿಂದ ತಗದವ್ರು ಯಾರು?"

"ಅದನ್ನ ಶಿವಶರಣ ಹಾಕ್ಯಾನ."

"ಹಾಕು ಅಂದವ್ರು?"

ಅವನು ಹೆಲ್ಮೆಟ್ಟಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ.

"ನಾಳೆ ಅವನ್ನ ಕೋರ್ಟಿಗೆ ಒಯ್ತಾರ," ಎಂದೆ. "ನೀ ಮಾಡಿದ್ದಕ್ಕ. ನಾ ಫೌಜದಾರರಿಗೆ ಹೇಳಾಕಿ."

"ಹೇಳ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ. ದಿನಾ ರಾತ್ರಿ ಕೇಳಿದ ದನಿಯೇ. "ನೀವು ಹೇಳಿದ ಕೂಡಲೇ ಅವರು ನನ್ನ ಕೇಳ್ತಾರ. ಉಪ್ಪು ಬುಧವಾರನ ಯಾಕ ತಂದಿ, ನಿನಗ ಹ್ಯಾಂಗ ಗೊತ್ತಾತು? ನಾ ಏನ ಹೇಳ್ಲಿ ಅಕ್ಕಾ? ನಿಮ್ಮ ಹೆಸರು ಬರಲಾರದಂಗ ಹ್ಯಾಂಗ ಹೇಳ್ಲಿ, ನೀವ ಕಲಿಸಿಕೊಡ್ರಿ."

ಆ ಮಂಗಳವಾರ ರಾತ್ರಿ ಅವನು ಕೇಳಿದ್ದು ಇಷ್ಟೇ: ಗುರುವಾರ ಸಾಹೇಬ್ರು ಆಫೀಸಿನಾಗ ಸಿಗ್ತಾರೇನಕ್ಕಾ? ನಾನು ಹೇಳಿದ್ದೂ ಇಷ್ಟೇ: ಊಟದ ಮ್ಯಾಲ ಸಿಗೂದಿಲ್ಲಪ್ಪಾ, ಅಕ್ಕಲಕೋಟಕ್ಕ ಹೊಂಟಾರ. ಹೇಳಿದ ಮೇಲೆ ಇನ್ನೂ ಹತ್ತು ನಿಮಿಷ ಮಾತಾಡಿದ್ದೆವು. ಯಾವುದರ ಬಗ್ಗೆ ಎಂದು ನೆನಪಿಲ್ಲ. ಖುಷಿಯಾಗಿದ್ದೆ ಎಂಬುದು ನೆನಪಿದೆ.

"ನೀ ಅದಕ್ಕಾಗಿ ಫೋನ್ ಮಾಡ್ತಿದ್ದೇನು? ಎರಡು ವರ್ಷ?"

ಈ ಪ್ರಶ್ನೆಗೆ ಮಾತ್ರ ಅವನು ತಲೆ ತಗ್ಗಿಸಿದ.

"ಮೊದಲ ಅದಕ್ಕ," ಎಂದ. "ಆಮ್ಯಾಲ ರೂಢಿ ಆತು."

ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಿಮ್ಮ ನೌಕರಿ ಹೋಗ್ತದ ಅಕ್ಕಾ. ಪೇಪರಿನಾಗ ಹೆಸರು ಬರ್ತದ. ಕ್ಲಾರ್ಕ್ ಬಾಯಿ, ದಿನಾ ರಾತ್ರಿ ಕಂತ್ರಾಟದಾರನ ಜೋಡಿ ಫೋನು. ಜನ ಹ್ಯಾಂಗ ಓದ್ತಾರ ನಿಮಗ ಗೊತ್ತದ. ಶಿವಶರಣಗ ದೊಡ್ಡ ವಕೀಲನ್ನ ಹಚ್ಚೀನಿ. ಗೊತ್ತಿಲ್ಲದ ಆದ ತಪ್ಪು ಅಂತ ಬರಸ್ತಾನ. ಅವನ ಮನಿ ನಾ ನೋಡ್ಕೋತೀನಿ."

"ರೇವಮ್ಮಗ ಇದು ಹೇಳಿಯೇನು?"

"ನೀವು ಏನೂ ಹೇಳಬ್ಯಾಡ್ರಿ. ಸುಮ್ಮನ ಇರ್ರಿ. ಅಷ್ಟ ಕೇಳಾಕತ್ತೀನಿ."

ಹೆಲ್ಮೆಟ್ಟು ಹಾಕಿಕೊಂಡ. ಗೇಟಿನ ಹತ್ತಿರ ಬೈಕು ತಿರುಗಿಸಿ, ಬಿಸಿಲಿಗೆ ಕೂರಬ್ಯಾಡ್ರಿ ಎಂದು ಹೇಳಿ ಹೋದ.

*

"ಏನಾತ್ರಿ? ಮಾರಿ ಯಾಕ ಬೆಳ್ಳಗಾಗ್ಯದ?" ಮನೀಷಾ ಗಾಡಿಯ ಬಾಗಿಲು ತೆರೆದಳು.

"ಬಿಸಲು."

"ಫೌಜದಾರರ ಕಡಿ ಹೋಗೂಣೇನು? ಠಾಣೆ ಇಲ್ಲೇ ಅದ. ಆ ಸ್ವಿಚ್ ಇಲ್ಲದ್ದು ನಾ ಹೇಳ್ತೀನಿ, ಗುಂಡಿದು ನೀವು ಹೇಳ್ರಿ."

"ಇವತ್ತ ಬ್ಯಾಡ. ಡೈರಿಯ ಹಾಳಿ ಇನ್ನೊಮ್ಮೆ ನೋಡಬೇಕು. ನಾ ಓದಿದ್ದು ತಪ್ಪ ಇರಬಹುದು. ಹನ್ನೊಂದೂ ಇಪ್ಪತ್ತು ಅಲ್ಲದ ಬ್ಯಾರೆ ಇರಬಹುದು."

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಓದು ತಪ್ಪಿದ್ದನ್ನು ಅವಳು ಎಂದೂ ಕಂಡವಳಲ್ಲ. ಆದರೂ ಗಾಡಿ ಚಾಲೂ ಮಾಡಿದಳು.

ಊರು ದಾಟಿದ ಮೇಲೆ ನನಗೆ ಫೋನು ಬಂತು. ಫೌಜದಾರ ಸೋಮೇಶ.

"ಬಾಯಾರ, ತ್ರಾಸ ಕೊಟ್ಟೆ. ಶಿವಶರಣ ಇವತ್ತ ಮುಂಜಾನಿ ತಪ್ಪ ಒಪ್ಕೊಂಡು ಜಬಾಬ ಕೊಟ್ಟಾನ್ರಿ. ಫ್ಯೂಸ್ ತಾನ ಹಾಕಿದೆ, ಸಾಹೇಬ್ರ ಕೈ ಬೋರ್ಡಿನಾಗ ಇದ್ದದ್ದು ನೋಡ್ಲಿಲ್ಲ ಅಂತ. ನಾಳೆ ಕೋರ್ಟಿನಾಗೂ ಅದನ್ನ ಹೇಳ್ತಾನಂತ. ಅವಂಗ ಯಾರೋ ಒಬ್ಬ ದೊಡ್ಡ ವಕೀಲ ನಿಂತಾನ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನನಗ ಒಂದ ಪ್ರಶ್ನೆ ಉಳದದ. ಅದಕ್ಕ ಉತ್ತರ ಸಿಕ್ರ ಫೈಲು ಮುಗೀತು. ಸಾಹೇಬ್ರು ಅವತ್ತ ಬರ್ತಾರಂತ ಲಾಡ್ಜಿನವ್ರಿಗೆ ಮೊದಲ ಗೊತ್ತಿತ್ತೇನು? ಗೊತ್ತಿತ್ತು ಅಂದ್ರ ಇದು ಬ್ಯಾರೇನ ಕೇಸು, ನಾ ಎಲ್ಲಾರ್ನೂ ಮತ್ತ ಕರಸಬೇಕಾಗ್ತದ. ಇಲ್ಲಂದ್ರ ಶಿವಶರಣ ಹೇಳಿದ್ದ ಖರೇ. ಆ ಚೀಟಿ ನಿಮ್ಮ ಕಡಿ ಇರ್ತಿತ್ತಂತಲ್ರಿ. ಯಾರಿಗರ ಗೊತ್ತಾಗಿರಬಹುದೇನು?"

ಮನೀಷಾಳ ಕಣ್ಣು ಒಂದು ಸಲ ನನ್ನ ಕಡೆ ಬಂದು ರಸ್ತೆಗೆ ಮರಳಿತು.

ಒಂದು ಮಾತು ಸಾಕು ಎಂದಿದ್ದಳು ರೇವಮ್ಮ. ಬಾಯಿಗೆ ಬಂದದ್ದು ಬೇರೆ ಮಾತು.

"ಇಲ್ಲ ಸಾಹೇಬ. ಚೀಟಿ ನನ್ನ ಟೇಬಲ್ಲಿನ ಡ್ರಾದಾಗ ಇತ್ತು. ಬೀಗ ಹಾಕಿತ್ತು. ಯಾರಿಗೂ ಗೊತ್ತಿರ್ಲಿಲ್ಲ."

"ಬರದು ಕೊಡ್ತೀರೇನ್ರಿ? ನಾಳೆ ಹತ್ತರ ಒಳಗ?"

"ಕೊಡ್ತೀನಿ."

ಫೋನ್ ಇಟ್ಟೆ. ಮನೀಷಾ ಯಾರು ಎಂದು ಕೇಳಲಿಲ್ಲ. ಕೇಳಿದ್ದರೂ ಆಫೀಸಿನವರು ಎಂದೇ ಹೇಳುತ್ತಿದ್ದೆ. ರಸ್ತೆಯ ಎರಡೂ ಬದಿ ಹೊಲಗಳು ಖಾಲಿಯಾಗಿದ್ದವು. ಬರೆದುಕೊಡಬೇಕಾದ ವಾಕ್ಯಗಳು ಆಗಲೇ, ನನ್ನ ದಿನನಿತ್ಯದ ಮರಾಠಿಯಲ್ಲಿ, ಒಂದರ ಕೆಳಗೊಂದು ತಪ್ಪಿಲ್ಲದೆ ಸಾಲಾಗಿ ನಿಲ್ಲುತ್ತಿದ್ದವು. ಶಿವಶರಣನ ಪಾಲಿಗೆ ಅವು ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವುಗಳನ್ನು ತಿದ್ದಲಿಲ್ಲ.

ಫ್ಯೂಸಿನದಾಗಲಿ ಚೀಟಿಯದಾಗಲಿ, ಫೌಜದಾರರಿಗೆ ಹೇಳುವುದಿಲ್ಲ. ಪಕ್ಕದಲ್ಲಿ ಕೂತವಳಿಗೂ ಇಲ್ಲ. ನಾಳೆ ಕೋರ್ಟಿನ ಮೆಟ್ಟಿಲ ಮೇಲೆ ನನ್ನ ದಾರಿ ಕಾಯುವವಳಿಗೂ ಇಲ್ಲ. ದಾರಿಯ ವಳಸಂಗ ಊರು ಬರುವ ಮೊದಲೇ ಅಷ್ಟನ್ನೂ ನಿರ್ಧರಿಸಿ ಆಗಿತ್ತು.